ಫಿರ್ಮೀನು ಕಂಡ ಉಗುರು

ಫಿರ್ಮೀನು ಎಲ್ಲರೆದುರಿಗೆ ಹೇಳಿದನಲ್ಲ, ಅದನ್ನು ಮಾತ್ರ ಕುಸ್ತೋದಿಯು ಇಂದಿಗೂ ಮರೆತಿಲ್ಲ. ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಬಹುದಿತ್ತು. ಮನೆಗೆ ಬಂದು ಹೆಂಡತಿ ಲೂರ್ದಿಶ್‌ಗಾದರೂ ಹೇಳಬಹುದಿತ್ತು. ಅದೆಲ್ಲ ಬಿಟ್ಟು, ಅಲ್ಫಾಮಾ ಕೇರಿಯ ಇದಾಲೀನಳ ವೈನಂಗಡಿಯಲ್ಲಿ, ಭಾನುವಾರ ಮಧ್ಯಾಹ್ನ ಫಾದು ಎಂಬ ಅಳಲಿನ ಹಾಡು ಕೇಳಲು ಜನ ಕಿಕ್ಕಿರಿದಿದ್ದಾಗ ಹೇಳಿದ. ಆ ಮಾತೆತ್ತಿದರೆ ಈಗಲೂ ಕುಸ್ತೋದಿಯುವಿನ ಕತ್ತಿನ ನರ ಉಬ್ಬುತ್ತದೆ.

ವಾರವೆಲ್ಲ ಅವನು ದರ್ಜಿ. ಭಾನುವಾರ ಮಾತ್ರ ಹನ್ನೆರಡು ತಂತಿಯ ಗಿಟಾರಿನ ಯಜಮಾನ. ಹಾಡುವವರು ಯಾರೇ ಇರಲಿ, ಅವರ ಉಸಿರು ನಿಂತ ಕಡೆಯಿಂದ ಅವನ ತಂತಿ ಅಳಲು ಶುರುಮಾಡುತ್ತಿತ್ತು. ಆ ಅಳು ಹುಟ್ಟುತ್ತಿದ್ದುದು ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಉಗುರಿನಲ್ಲಿ. ಆ ಎರಡು ಉಗುರುಗಳಿಗಾಗಿ ಅವನು ಪಾತ್ರೆ ಮುಟ್ಟುತ್ತಿರಲಿಲ್ಲ, ಮೀನು ಬಿಡಿಸುತ್ತಿರಲಿಲ್ಲ. ಟ್ರಾಮಿನ ಕಂಬಿ ಹಿಡಿಯುವುದೂ ಎಡಗೈಯಲ್ಲೇ. "ನಂಗೆ ಬೇರೆ ಸವತಿ ಬೇಡಪ್ಪ, ನಿನ್ನ ಉಗುರೇ ಸಾಕು" ಎಂದು ಲೂರ್ದಿಶ್ ಚುಚ್ಚುತ್ತಿದ್ದಳು.

ಪಕ್ಕದ ಕುರ್ಚಿ ಫಿರ್ಮೀನುವಿನದು. ಸಾದಾ ಗಿಟಾರಿನಲ್ಲಿ ತಾಳ ಹಿಡಿಯುವವನು. ಕುಸ್ತೋದಿಯುವಿನ ಮಗಳ ಜ್ಞಾನಸ್ನಾನಕ್ಕೆ ಜ್ಞಾನತಂದೆಯಾಗಿ ನಿಂತವನು ಅವನೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕುಂಪಾದ್ರೆ, ಅಂದರೆ ಮಗುವಿನ ಮೂಲಕ ನೆಂಟನಾದವನು, ಎಂದೇ ಕರೆಯುತ್ತಿದ್ದರು.

ಆ ವಸಂತದಲ್ಲಿ ಕುಸ್ತೋದಿಯುವಿನ ಉಗುರು ತಂತಿಗೆ ಸಿಕ್ಕಿಕೊಳ್ಳತೊಡಗಿತು. ಅರದಿಂದ ಉಜ್ಜಿ ಸರಿಮಾಡಿದರೆ ಮತ್ತೆ ಕೆಳಮುಖವಾಗಿ ಬಾಗುತ್ತಿತ್ತು. ತಂತಿ ಮಾರಿದವನನ್ನು ಬೈದ, ತಂತಿ ಬದಲಿಸಿದ. ಒಂದು ಭಾನುವಾರ ಹಾಡಿನ ನಡುವೆಯೇ ತಂತಿ ಕೀರಲಿಟ್ಟಿತು. ಹಾಡು ಮುಗಿದದ್ದೇ ಫಿರ್ಮೀನು ಅವನ ಕೈಯನ್ನು ಕಿಟಕಿಯ ಬೆಳಕಿಗೆ ಎಳೆದು ನೋಡಿದ.

"ಕುಂಪಾದ್ರೆ, ತಂತೀದಲ್ಲ ತಪ್ಪು. ನಿನ್ನ ಉಗುರು ಕೆಟ್ಟಿದೆ."

ಗಿಟಾರಿನವನಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಇನ್ನು ಎದ್ದು ಹೋಗು, ನಿನ್ನ ಕಾಲ ಮುಗಿಯಿತು ಎಂದ ಹಾಗೆ. ಫಿರ್ಮೀನುವಿನ ಅಕ್ಕನ ಮಗ ಬೇರೆ ಅದೇ ಗಿಟಾರು ಕಲಿತು ಕೂತಿದ್ದ.

"ನಿನ್ನಕ್ಕನ ಮಗನಿಗೆ ನನ್ನ ಕುರ್ಚಿ ಬೇಕಾ? ಬಾಯಿಬಿಟ್ಟು ಕೇಳು!"

"ಕುರ್ಚಿ ಹಾಳಾಗಿ ಹೋಗ್ಲಿ. ಬೆರಳ ತುದಿ ನೋಡು, ಹೆಂಗೆ ಊದಿದೆ! ಉಗುರು ಗಿಣಿಮೂತಿ ಆಗಿದೆ. ನಮ್ಮಪ್ಪನ ಬೆರಳೂ ಹಿಂಗೇ ಇದ್ವು. ಡಾಕ್ಟರಿಗೆ ಎದೆ ತೋರಿಸ್ಕೊ ಮಾರಾಯ."

"ನಿಮ್ಮಪ್ಪನಾ? ಕುಡಿದು ಕುಡಿದು ಸತ್ತನಲ್ಲ, ಆ ಯಪ್ಪನಾ? ಅವನ ಜೊತೆ ನನ್ನ ತೂಗ್ತೀಯಾ?"

ಫಿರ್ಮೀನುವಿನ ಅಪ್ಪ ನದಿಯಾಚೆ ಬರೇರುವಿನಲ್ಲಿ, ಬಾಟಲಿಯ ಬಿರಡೆಗೆ ಬೆಂಡು ಕೊಯ್ಯುವ ಕಾರ್ಖಾನೆಯಲ್ಲಿದ್ದವನು. ಧೂಳು ಕುಡಿದ ಎದೆ. ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿ ಗೋಡೆ ಹಿಡಿದು ನಿಲ್ಲುತ್ತಿದ್ದ. ನೋಡಿದವರು ಕುಡುಕ ಎಂದರು, ಆ ಹೆಸರಲ್ಲೇ ಸತ್ತ.

ಫಿರ್ಮೀನು ಹಿಡಿದ ಕೈ ಬಿಟ್ಟ. "ಆಯ್ತು ಬಿಡಿ, ಸೆನ್ಯೋರ್ ಕುಸ್ತೋದಿಯು" ಎಂದ. ಅಲ್ಲಿಗೆ ಕುಂಪಾದ್ರೆ ಎನ್ನುವುದು ಮುಗಿಯಿತು. ಮುಂದೆಯೂ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ನುಡಿಸಿದರು, ಮಾತಿಲ್ಲದೆ.

ಕುಸ್ತೋದಿಯು ಹಟಕ್ಕೆ ಬಿದ್ದ. ಟೇಬಲ್ ಟೆನಿಸ್ ಚೆಂಡನ್ನು ಕತ್ತರಿಸಿ, ಉಗುರಿನ ಆಕಾರಕ್ಕೆ ತೇಯ್ದು, ಅಂಟು ಹಚ್ಚಿ ಕೂರಿಸಿಕೊಂಡ. ಎಷ್ಟೋ ಗಿಟಾರಿನವರು ಮಾಡುವುದೇ. ನಾದ ಮರಳಿ ಬಂತು, ಜನ ತಲೆದೂಗಿದರು. ಉಗುರು ಕಾಣದಂತಾಯಿತು, ಕಾಣದ್ದು ಇಲ್ಲವೆಂದೇ ಅವನು ನಂಬಿದ. ಕೆಮ್ಮು ಬಂದರೆ ಹೊಲಿಯುವ ಬಟ್ಟೆಯ ನವಿರು ಮೂಗಿಗೆ ಹೋಯಿತು ಎಂದ. ಬೇಸಿಗೆ ಹೀಗೇ ಕಳೆಯಿತು.

ಚಳಿ ಶುರುವಾಗುವ ಹೊತ್ತಿಗೆ ಒಳಗಿನ ಉಗುರು ಎಷ್ಟು ಬಾಗಿತ್ತೆಂದರೆ ಅಂಟೇ ನಿಲ್ಲದಾಯಿತು. ಒಂದು ಹಾಡಿನ ನಡುವೆ ಸುಳ್ಳುಗುರು ಹಾರಿ ಮುಂದಿನ ಮೇಜಿನವನ ಎಲೆಕೋಸಿನ ಸೂಪಿಗೆ ಬಿತ್ತು.

"ಸೂಪಿಗೆ ಸಾಸೇಜು ಹಾಕಿದ್ದೆ ಕಣಯ್ಯಾ, ನಿನ್ನ ಉಗುರು ಯಾರು ಕೇಳಿದ್ರು?" ಎಂದಳು ಇದಾಲೀನ. ಅಂಗಡಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನಗದವನು ಫಿರ್ಮೀನು ಒಬ್ಬನೇ. ತಲೆ ಎತ್ತದೆ, ಹಾಡು ಮುಗಿಯುವವರೆಗೆ ಒಬ್ಬನೇ ನುಡಿಸಿದ.

ಮನೆಯಲ್ಲಿ ಲೂರ್ದಿಶ್ ಅವನ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿಸಿದಳು.

"ಬಲಗೈ ಉಗುರನ್ನ ತಂತಿ ಕೆಡಿಸ್ತು ಅಂತೀಯಲ್ಲ, ಎಡಗೈ ಉಗುರಲ್ಲಿ ಏನು ಮೀಟ್ತೀಯ? ಅವ್ಯಾಕೆ ಬಾಗಿವೆ?"

ಬೆಳಗಾದ ಮೇಲೆ ತಾನೇ ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೊರಟ.

ಅಲ್ಲಿ ಡಾಕ್ಟರಮ್ಮ ಅವನ ಎರಡು ತೋರುಬೆರಳುಗಳನ್ನು ಉಗುರಿಗೆ ಉಗುರು ತಾಗುವಂತೆ ಜೋಡಿಸಿದರು. ತಮ್ಮವನ್ನೂ ಹಾಗೇ ಜೋಡಿಸಿ ತೋರಿಸಿದರು. ಅವರ ಉಗುರುಗಳ ಬುಡದ ನಡುವೆ ಪುಟ್ಟ ಕಿಂಡಿ, ಅದರಲ್ಲಿ ಬೆಳಕು. ಅವನದರಲ್ಲಿ ಬೆಳಕಿನ ಎಳೆಯೂ ಇಲ್ಲ.

"ಇಷ್ಟು ದಿನ ಯಾರೂ ಹೇಳ್ಲಿಲ್ವಾ?"

"ಹೇಳಿದ್ರು" ಎಂದ ಕುಸ್ತೋದಿಯು.

ಎದೆಯ ಕಾಯಿಲೆ ಬೆರಳಲ್ಲಿ ಹೀಗೂ ಕಾಣುತ್ತದಂತೆ; ಎದೆಯ ಚಿತ್ರ ತೆಗೆದರೆ ಬಲ ಶ್ವಾಸಕೋಶದಲ್ಲಿ ಗಡ್ಡೆ. ಅಷ್ಟು ಭಾಗ ಕೊಯ್ದು ತೆಗೆದರು. ಇನ್ನೊಂದು ಚಳಿಗಾಲ ತಡೆದಿದ್ದರೆ ಕತ್ತಿ ಹಚ್ಚಲೂ ಆಗುತ್ತಿರಲಿಲ್ಲವಂತೆ. ತಿಂಗಳುಗಳು ಕಳೆದ ಹಾಗೆ ಬುಡದಿಂದ ಹೊಸ ಉಗುರು ನೆಟ್ಟಗೆ ಬರತೊಡಗಿತು.

ಕೈಗೆ ಸೂಜಿ ಹಿಡಿಯುವ ಬಲ ಬಂದಾಗ ಅವನು ಮೊದಲು ಹೊಲಿದದ್ದು ಫಿರ್ಮೀನುವಿಗೆ ಒಂದು ಉಣ್ಣೆಯ ಕೋಟು. ಅಳತೆ ಕೇಳುವ ಅಗತ್ಯವಿರಲಿಲ್ಲ, ಆ ಹೆಗಲ ಪಕ್ಕದಲ್ಲೇ ಕೂತು ಬಾಳಿದವನು. ಕೋಟನ್ನು ಕಾಗದದಲ್ಲಿ ಸುತ್ತಿಕೊಂಡು ದೋಣಿ ಹತ್ತಿ ಬರೇರುವಿನ ಅವನ ಮನೆಗೆ ಹೋದ. ಫಿರ್ಮೀನು ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ.

"ಗುಣ ಆಯ್ತಾ, ಸೆನ್ಯೋರ್ ಕುಸ್ತೋದಿಯು? ಒಳ್ಳೇದಾಯ್ತು."

"ನೀನು ಹೇಳದೆ ಇದ್ದಿದ್ರೆ ನಾನು..."

"ನನಗೇನು ಗೊತ್ತಿತ್ತು? ಅಪ್ಪನ ಬೆರಳು ನೋಡಿದ್ದೆ, ಅಷ್ಟೇ. ನಿಮ್ಮನ್ನ ಉಳಿಸಿದ್ದು ಆ ಕುಡುಕ. ಏನಿದ್ರೂ ಅವನಿಗೆ ಹೇಳಿ. ಕೋಟು ನಂಗೆ ಬೇಡ."

"ಗೋರಿ ಎಲ್ಲಿದೆ ಹೇಳು, ಈಗ್ಲೇ ಹೋಗ್ತೀನಿ."

ಫಿರ್ಮೀನು ನದಿಯ ಕಡೆ ನೋಡುತ್ತ ನಿಂತ. "ಎಲ್ಲಿಯ ಗೋರಿ? ಬಡವರ ಗೋರಿಗೆ ಕೆಲವೇ ವರ್ಷದ ವಾಯಿದೆ. ಅದು ಮುಗೀತು, ಅಗೆದು ತೆಗೆದ್ರು. ಮೂಳೆ ಇಡೋಕೆ ಸ್ಮಶಾನದ ಗೋಡೇಲಿ ಗೂಡು ಕೊಳ್ಳೋ ಶಕ್ತಿ ಅಮ್ಮನಿಗೆ ಇರ್ಲಿಲ್ಲ. ಕುಡುಕನ ಮೂಳೆಗೆ ಯಾರು ಕಾಸು ಕೊಡ್ತಾರೆ? ಹತ್ತು ಜನರ ಜೊತೆ ಹೊಂಡಕ್ಕೆ ಹಾಕಿದ್ರು."

ಬಾಗಿಲು ಮುಚ್ಚಿತು. ಕುಸ್ತೋದಿಯು ಆದರೂ ಸ್ಮಶಾನಕ್ಕೆ ಹೋದ. ಕಾವಲುಗಾರ ಹಿಂದಿನ ಗೋಡೆಯತ್ತ ಕೈ ಬೀಸಿ, "ಅಲ್ಲೇ ಎಲ್ಲೋ ಇರ್ಬೇಕು" ಎಂದ. ಅಲ್ಲಿ ಹುಲ್ಲು ಬೆಳೆದಿತ್ತು, ಗುರುತು ಯಾವುದೂ ಇರಲಿಲ್ಲ. ಅವನು ಟೊಪ್ಪಿ ತೆಗೆದು ನಿಂತ. ಎತ್ತ ಮುಖ ಮಾಡಬೇಕೆಂದು ತಿಳಿಯಲಿಲ್ಲ. ತಪ್ಪಾಯಿತು ಎನ್ನುವುದಕ್ಕೂ ಎದುರಿಗೊಬ್ಬರು ಬೇಕಲ್ಲ. ಆ ಮಾತು ಅವನ ಗಂಟಲಲ್ಲೇ ಉಳಿಯಿತು, ಈಗಲೂ ಅಲ್ಲೇ ಇದೆ.