ಅಂಟು ಬಿಚ್ಚಿದ ಲಕೋಟೆ ಮತ್ತು ಶ್ರೀಮತಿ ಹಿಲ್ಕಾ ರೌತಿಯೊ

ಉರಿಯೂತವೆದ್ದ ಜಾಗಕ್ಕೆ ಬಿಳಿ ರಕ್ತಕಣಗಳು ರಕ್ತನಾಳದಿಂದ ಹೇಗೆ ಹೊರಬೀಳುತ್ತವೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ತುರ್ಕು ನಗರದ ನಮ್ಮ ಪ್ರಯೋಗಾಲಯ ನಾಲ್ಕು ದಶಕ ಕಳೆದಿದೆ. ಅದರಲ್ಲಿ ಮೂವತ್ತೆಂಟು ವರ್ಷ ಸೂಕ್ಷ್ಮದರ್ಶಕದ ಕೋಣೆಯನ್ನು ನೋಡಿಕೊಂಡ ಶ್ರೀಮತಿ ಹಿಲ್ಕಾ ರೌತಿಯೊ ಅವರು ತಮ್ಮ ಹೆಸರಿನಲ್ಲಿ ಒಂದೇ ಒಂದು ಪ್ರಬಂಧವನ್ನೂ ಪ್ರಕಟಿಸಿದವರಲ್ಲ. ಆದರೆ ಅವರು ಅನುಮಾನಿಸದೆ ಬಿಟ್ಟ ಪ್ರಬಂಧವೂ ನಮ್ಮಲ್ಲಿ ಒಂದಿಲ್ಲ. ಅವರ ನಿವೃತ್ತಿಯ ಈ ಸಂಪುಟಕ್ಕೆ ಬರೆಯಲು ಸಂಪಾದಕರು ಕೇಳಿದಾಗ ನನಗೆ ಸಂಕೋಚವಾಯಿತು. ಹದಿನಾಲ್ಕು ವರ್ಷ ನಾನು ಅವರನ್ನು ಗೌರವಿಸಿದ್ದೇನೆ, ಜೊತೆಗೇ ಅನುಮಾನಿಸಿಯೂ ಇದ್ದೇನೆ. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ಅವರು ಎರಡನೆಯ ಸಾಲಿಗೇ ನನ್ನನ್ನು ಹಿಡಿದುಬಿಡುತ್ತಾರೆ.

ಅವರು ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಉಷ್ಣತೆ ಅಳೆಯಲು ಎರಡು ಮಾಪಕ ಇಡುತ್ತಿದ್ದರು, ಎರಡೂ ಒಂದೇ ಅಂಕಿ ತೋರಿಸಿದರೆ ಮೂರನೆಯದನ್ನು ತರುತ್ತಿದ್ದರು. ನಮ್ಮ ಮುಖ್ಯಸ್ಥರಾದ ಪ್ರೊ. ಕೈತಿಲಾ ಅವರು ಶುಭೋದಯ ಎಂದರೂ ಹಿಲ್ಕಾ ಅವರು ಒಮ್ಮೆ ಕಿಟಕಿಯಾಚೆ ನೋಡಿ ಆಮೇಲೆ ತಲೆಯಾಡಿಸುತ್ತಿದ್ದರು.

೧೯೯೩ರ ಶರತ್ಕಾಲದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದ ದಿನ ಅವರು ನನ್ನನ್ನು ಪರದೆಯ ಮುಂದೆ ಕೂರಿಸಿದರು. ಪ್ರಜ್ಞೆ ತಪ್ಪಿಸಿದ ಇಲಿಯ ತೆಳುವಾದ ಸ್ನಾಯುವಿನಲ್ಲಿ ಕೂದಲಿನಷ್ಟು ಸಣ್ಣ ರಕ್ತನಾಳ ಹರಿಯುತ್ತಿತ್ತು. ಕೆಂಪು ಕಣಗಳು ನಡುವೆ ಧಾವಿಸುತ್ತಿದ್ದವು. ಬಿಳಿ ಕಣವೊಂದು ಪ್ರವಾಹದಿಂದ ಪಕ್ಕಕ್ಕೆ ಸರಿದು, ಗೋಡೆಗೆ ತಾಗಿ, ಉರುಳುತ್ತಾ ಉರುಳುತ್ತಾ ನಿಧಾನಿಸಿ, ಕೊನೆಗೆ ಅಂಟಿ ನಿಂತಿತು. ಆಮೇಲೆ ಗೋಡೆಯ ಮೇಲೆ ಅತ್ತಿತ್ತ ತೆವಳಿ, ಎರಡು ಜೀವಕೋಶಗಳ ನಡುವಿನ ಸಂದು ಹುಡುಕಿ, ಮೈಯನ್ನು ಚಪ್ಪಟೆ ಮಾಡಿಕೊಂಡು ಆಚೆಗೆ ನುಸುಳಿತು.

"ಇವು ನನ್ನ ಥರದವು, ಡಾಕ್ಟರೇ. ಗೋಡೆ ಮುಟ್ಟಿ ಮುಟ್ಟಿ ನೋಡದೆ ಹೊರಗೆ ಕಾಲಿಡಲ್ಲ," ಎಂದರು. ನಾನಿನ್ನೂ ಬರೀ ಆಂತೆರೊ, ಡಾಕ್ಟರ್ ಆಗಿರಲಿಲ್ಲ. ಆ ಪದವಿಯನ್ನು ಅವರು ಪ್ರತಿ ಹೊಸಬನಿಗೂ ಚುಡಾಯಿಸಲೆಂದೇ ಕೊಡುತ್ತಿದ್ದರು.

ಕೋಣೆಯ ನೆಲ ತಣ್ಣಗಿರುತ್ತದೆಂದು ನನಗೆ ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟವರು ಅವರು. ಸ್ನಾಯುವನ್ನು ಬಿಡಿಸುವಾಗ ಬೆರಳು ಸ್ವಲ್ಪ ಒರಟಾದರೂ ಆ ಸ್ಪರ್ಶಕ್ಕೇ ಬಿಳಿ ಕಣಗಳು ಉರುಳತೊಡಗುತ್ತವೆಂದು, ಬೈಯದೆ ನೂರು ಸಲ ಹೇಳಿಕೊಟ್ಟವರೂ ಅವರೇ. ನಾನು ನೂರು ಸಲವೂ ತಲೆಯಾಡಿಸಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ಯಾವ ಇಲಿಗೆ ಔಷಧಿ ಕೊಟ್ಟಿದೆ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಕಣ ಎಣಿಸುವವನಿಗೆ ತಿಳಿಯಕೂಡದು. ಹಿಲ್ಕಾ ಅವರು ವಿಡಿಯೊ ಟೇಪುಗಳ ಮೇಲಿನ ಚೀಟಿ ಕಿತ್ತು ಬೇರೆ ಅಕ್ಷರ ಅಂಟಿಸಿ, ಯಾವ ಅಕ್ಷರ ಯಾವ ಇಲಿಯದೆಂಬ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟು ಹಾಕುತ್ತಿದ್ದರು. ನಾನು ಎಣಿಸಿ ಮುಗಿಸಿದ ಮೇಲೆ ಲಕೋಟೆ ಒಡೆದಾಗ ಫಲಿತಾಂಶ ಕಣ್ಣು ಕುಕ್ಕುವಂತಿತ್ತು: ನಾನು ಪರೀಕ್ಷಿಸುತ್ತಿದ್ದ ಔಷಧಿ ಪಡೆದ ಇಲಿಗಳಲ್ಲಿ ಗೋಡೆಗೆ ಅಂಟುವ ಕಣಗಳು ಅರ್ಧಕ್ಕಿಳಿದಿದ್ದವು. ಪಟ್ಟಿಯನ್ನು ಅವರು ಹೊಸ ಲಕೋಟೆಗೆ ಹಾಕಿ ಅಂಟಿಸಿ, ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ೧೯೯೭ರ ಮೇ ತಿಂಗಳಿಗೆ ನನ್ನ ಡಾಕ್ಟರೇಟ್ ಪ್ರಬಂಧದ ಸಾರ್ವಜನಿಕ ಮಂಡನೆ ನಿಗದಿಯಾಯಿತು. ಅಂದು ಸಂಜೆಯ ಔತಣಕ್ಕೆ ಔರಾ ನದಿಯ ದಂಡೆಯಲ್ಲಿ ಹೋಟೆಲು ಗೊತ್ತುಮಾಡಿದ್ದೆ, ನನ್ನ ಅಮ್ಮ ಹೊಸ ಉಡುಪು ಹೊಲಿಸಿಕೊಂಡಿದ್ದಳು.

ಮಂಡನೆಗೆ ಆರು ವಾರವಿದ್ದಾಗ ನನ್ನ ಟೇಪುಗಳ ಸಾಲು ಹಿಂದುಮುಂದಾಗಿರುವುದು ಕಣ್ಣಿಗೆ ಬಿತ್ತು. ಅಂದು ತೆರೆದೇ ಇದ್ದ ಡ್ರಾಯರಿನಲ್ಲಿ ಲಕೋಟೆಯ ಅಂಟು ಬಿಚ್ಚಿ ಮತ್ತೆ ಹಚ್ಚಿದ ಗುರುತಿತ್ತು. ಆ ಡ್ರಾಯರಿನ ಬೀಗದ ಕೈ ಇದ್ದದ್ದು ಒಬ್ಬರ ಬಳಿ ಮಾತ್ರ. ನನ್ನ ಕೆಲಸವನ್ನು ಬೇರೆ ಗುಂಪಿಗೆ ಕೊಡುತ್ತಿದ್ದಾರೆಯೇ? ಅಕ್ಷರಗಳನ್ನು ಅದಲುಬದಲು ಮಾಡುತ್ತಿದ್ದಾರೆಯೇ? ನಾಲ್ಕು ದಿನ ಅವರ ಕೈಗಳನ್ನೇ ಕಾದು ನೋಡಿದೆ. ಐದನೆಯ ದಿನ ಮಧ್ಯಾಹ್ನದ ಕಾಫಿಗೆ ಕೂತಾಗ ತಡೆಯಲಾಗಲಿಲ್ಲ.

"ನನ್ನ ಲಕೋಟೆ ತೆಗೆದದ್ದು ನೀವಾ?"

"ನಾನೇ. ಅದು ನಿನ್ನ ಲಕೋಟೆ ಅಲ್ಲ, ನಂದು."

"ಯಾರಿಗೆ ತೋರಿಸಿದ್ರಿ?"

"ಯಾರಿಗೂ ಇಲ್ಲ. ಮೊದಲು ಬನ್ ತಿನ್ನು. ಖಾಲಿ ಹೊಟ್ಟೇಲಿ ಜಗಳ ಆಡಬಾರ್ದು, ಡಾಕ್ಟರೇ."

ಬನ್ನನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅವರು ನನ್ನನ್ನು ಕೋಣೆಗೆ ಕರೆದೊಯ್ದು ಪ್ರತಿ ಟೇಪಿನ ಮೊದಲ ಐದು ನಿಮಿಷವನ್ನಷ್ಟೇ ತೋರಿಸಿದರು. ನಾನು ಎಣಿಸುತ್ತಿದ್ದದ್ದು ಔಷಧಿ ಕೊಟ್ಟ ನಂತರದ ಭಾಗವನ್ನು. ಮೊದಲಿನದನ್ನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ.

"ಇದು ಔಷಧಿ ಹಾಕೋಕೂ ಮುಂಚಿಂದು. ನೋಡು, ಔಷಧಿ ಇಲಿಯಲ್ಲಿ ಆಗ್ಲೇ ಕಣ ಕಮ್ಮಿ. ಇನ್ನೂ ಕೊಡದೆ ಇರೋ ಔಷಧಿ ಹೆಂಗಪ್ಪಾ ಕೆಲಸ ಮಾಡ್ತು?"

ನಾನು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ನೋಡಿದೆ.

"ಬೆಳಿಗ್ಗೆ ಬಂದ ಕೂಡ್ಲೇ ಯಾವ ಇಲಿ ಮಾಡ್ತಿದ್ದೆ?"

"ಉಪ್ಪುನೀರಿಂದು. ಔಷಧಿ ಕರಗೋಕೆ ಹೊತ್ತು ಬೇಕಲ್ಲ, ಅದು ಕಾಫಿ ಆದ್ಮೇಲೆ."

"ಸೈಕಲ್ ತುಳ್ಕೊಂಡು ಬರೋವಾಗ ಕೈಗವಸು ಹಾಕ್ತೀಯಾ?"

ಹಾಕುತ್ತಿರಲಿಲ್ಲ. ನದಿಯ ಗಾಳಿಗೆ ಮರಗಟ್ಟಿದ ಬೆರಳುಗಳಿಂದ ಪ್ರತಿ ಬೆಳಿಗ್ಗೆ ನಾನು ಉಪ್ಪುನೀರಿನ ಇಲಿಯ ಸ್ನಾಯುವನ್ನು ಎಳೆದಾಡಿದ್ದೆ, ಕಾಫಿ ಕುಡಿದು ಬೆಚ್ಚಗಾದ ಕೈಯಿಂದ ಔಷಧಿಯ ಇಲಿಯನ್ನು ನಾಜೂಕಾಗಿ ಬಿಡಿಸಿದ್ದೆ. ಎರಡರ ನಡುವಿನ ವ್ಯತ್ಯಾಸವೆಲ್ಲ ನನ್ನ ಕೈಯದು. ಪ್ರೊ. ಕೈತಿಲಾ ಅವರಿಗಾಗಲಿ ಪರೀಕ್ಷಕರಿಗಾಗಲಿ ಇದು ಗೊತ್ತಿರಲಿಲ್ಲ.

"ನಾನಾಗಿ ಯಾರಿಗೂ ಹೇಳಲ್ಲ," ಎಂದರು. "ಕೇಳಿದ್ರೆ ಸುಳ್ಳೂ ಹೇಳಲ್ಲ."

ಇನ್ನೂ ಹನ್ನೆರಡು ಇಲಿಗಳನ್ನು ಮಾಡಿದೆವು. ಮೊದಲು ಯಾವುದೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದೆವು; ಪ್ರತಿ ಸಲವೂ ಬಿಸಿನೀರಿನಲ್ಲಿ ಕೈ ಅದ್ದಿಕೊಂಡೆ. ಲಕೋಟೆ ಒಡೆದಾಗ ವ್ಯತ್ಯಾಸ ಹೇಳಹೆಸರಿಲ್ಲದೆ ಹೋಗಿತ್ತು. ಪ್ರೊ. ಕೈತಿಲಾ ಅವರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಮಂಡನೆ ಒಂದೂವರೆ ವರ್ಷ ಮುಂದೆ ಹೋಯಿತು, ಅಮ್ಮನ ಉಡುಪು ಬೀರುವಿನಲ್ಲೇ ಉಳಿಯಿತು. ಬರಿಯ ಸ್ಪರ್ಶವೇ ಬಿಳಿ ಕಣಗಳನ್ನು ಹೇಗೆ ಕರೆಯುತ್ತದೆ ಎಂಬುದರ ಮೇಲೆ ಹೊಸ ಪ್ರಬಂಧ ಬರೆದು ನಾನು ಪದವಿ ಪಡೆದೆ, ಅದೇ ನನಗೆ ಇಂದಿನವರೆಗೂ ಅನ್ನ ಹಾಕಿದೆ.

ಅನುಮಾನ ಮಾತ್ರ ಹೋಗಲಿಲ್ಲ. ಆ ಹನ್ನೆರಡು ಟೇಪುಗಳ ಪಟ್ಟಿಯೂ ಅವರ ಕೈಯಲ್ಲೇ ಇತ್ತಲ್ಲ? ತಾವು ಸರಿಯೆಂದು ತೋರಿಸಿಕೊಳ್ಳಲು ಅಕ್ಷರ ಬದಲಿಸಿದ್ದರೆ? ಕಣ್ಣೆದುರು ಎಷ್ಟೋ ಹುಡುಗರು ಡಾಕ್ಟರಾಗುವುದನ್ನು ನೋಡಿದ ಅವರಿಗೆ ಒಬ್ಬನಾದರೂ ಎಡವಲಿ ಎನಿಸಿರಬಹುದೇ? ಅವರು ಹೆಣೆದ ಕಾಲುಚೀಲ ತೊಟ್ಟುಕೊಂಡೇ ನಾನು ಹೀಗೆಲ್ಲ ಯೋಚಿಸಿದ್ದೇನೆ.

ಕಳೆದ ಮಾರ್ಚಿನಲ್ಲಿ ಕೋಣೆ ಖಾಲಿ ಮಾಡುವಾಗ ಅವರು ನನ್ನ ಹಳೆಯ ಟೇಪುಗಳ ಪೆಟ್ಟಿಗೆಯನ್ನು ಕೊಟ್ಟರು. ತಳದಲ್ಲಿ ಕೆಳಮಹಡಿಯ ಕಾವಲುಗಾರರು ಸಹಿ ಹಾಕಿದ ಒಂದು ಹಾಳೆಯಿತ್ತು. ಆ ಹನ್ನೆರಡು ಟೇಪುಗಳಿಗೆ ಅಕ್ಷರ ಅಂಟಿಸಿದ್ದು, ಲಕೋಟೆಯನ್ನು ಒಡೆಯುವ ದಿನದವರೆಗೆ ಇಟ್ಟುಕೊಂಡದ್ದು ಹಿಲ್ಕಾ ಅವರಲ್ಲ, ಆ ಕಾವಲುಗಾರರು ಎಂದು ಅದರಲ್ಲಿತ್ತು. ಮೇಲೆ ಹಿಲ್ಕಾ ಅವರ ದುಂಡನೆಯ ಅಕ್ಷರದ ಎರಡು ಸಾಲು: "ಈ ಸಲ ಪಟ್ಟಿ ನನ್ನ ಹತ್ತಿರ ಇರಕೂಡದು. ಆಂತೆರೊ ಗೆಲ್ಲಲಿ ಅಂತ ನನಗೆ ತುಂಬಾ ಆಸೆ ಇದೆ."

ನಾನು ಕಾರಿನಲ್ಲಿ ಕೂತು ಅತ್ತೆ. ನಾಚಿಕೆಯಾಯಿತು, ಇಂದಿಗೂ ಆಗುತ್ತದೆ.

ಮಾನ್ಯ ಹಿಲ್ಕಾ ರೌತಿಯೊ ಅವರಿಗೆ ದೀರ್ಘಾಯುಷ್ಯವೂ ಚುರುಕಾದ ಕಣ್ಣುಗಳೂ ಇರಲಿ, ವಾರಕ್ಕೊಮ್ಮೆ ಬಂದು ನಮ್ಮ ಮಾಪಕಗಳನ್ನು ಅನುಮಾನಿಸುವ ಕೆಲಸ ಅವರಿಂದ ಬಹುಕಾಲ ನಡೆಯಲಿ ಎಂದು ಹಾರೈಸುತ್ತೇನೆ. ಈಗ ನನ್ನ ಕೈಕೆಳಗೆ ಒಬ್ಬ ವಿದ್ಯಾರ್ಥಿನಿಯಿದ್ದಾಳೆ, ತುಂಬಾ ಕಷ್ಟಪಡುತ್ತಾಳೆ. ಅವಳ ಟೇಪುಗಳ ಲಕೋಟೆಯನ್ನು ನಿನ್ನೆ ಕೆಳಗೆ ಹೋಗಿ ಕಾವಲುಗಾರರ ಕೈಗೆ ಕೊಟ್ಟು ಬಂದೆ.