ಅಜ್ಜಿ ಗೊಂಬೆಯನ್ನು ಯಾರೂ ಕೇಳಿರಲಿಲ್ಲ

ಕಳೆದ ವಾರ ಕಾಲೇಜಿನ ಆಫೀಸಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟಿಗೆ ಅರಗಿನ ಮುದ್ರೆ ಹಾಕುತ್ತಿದ್ದೆ. ಮೇಣದ ಬತ್ತಿಗೆ ಹಿಡಿದ ಅರಗು ಕರಗಿ ತೊಟ್ಟಿಕ್ಕುವಾಗ ಒಂದು ವಾಸನೆ ಬರುತ್ತದಲ್ಲ, ಒಂಚೂರು ಸುಟ್ಟದ್ದು, ಒಂಚೂರು ಸಿಹಿ... ಆ ವಾಸನೆಗೆ ನನ್ನ ಕೈ ನಿಂತುಬಿಟ್ಟಿತು. ಬಟ್ಟೆಯ ಗಂಟಿನ ಮೇಲೆ ಬೀಳಬೇಕಾದ ಅರಗು ಮೇಜಿನ ಮೇಲೆ ಬಿತ್ತು. ಸೂಪರಿಂಟೆಂಡೆಂಟರು ನೋಡಿದರೋ ಏನೋ ಎಂದು ಹೆದರುತ್ತಾ ಅದನ್ನು ಉಗುರಿನಲ್ಲಿ ಕೆರೆಯುವಾಗಲೂ ನನ್ನ ತಲೆಯಲ್ಲಿ ಇದ್ದದ್ದು ಚನ್ನಪಟ್ಟಣದ ಹಳೇ ಹೆದ್ದಾರಿಯಲ್ಲಿ ಅರಗಿನ ಬಣ್ಣದ ಗೊಂಬೆಗಳ ಅಂಗಡಿ ಇಟ್ಟಿದ್ದ ಆಪಾ. ಆಪಾ ಅಂದರೆ ಅಕ್ಕ. ನಾನು ಅವರನ್ನು ಕರೆಯುತ್ತಿದ್ದದ್ದೇ ಹಾಗೆ.

ನನ್ನ ಬಗ್ಗೆ ಹೇಳುವುದಾದರೆ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಯೋಚಿಸದೆ ಬೆಳಗಿನ ರೈಲು ಹತ್ತಿದ ದಿನವಿಲ್ಲ. ಚನ್ನಪಟ್ಟಣದ ಮನೆಯಿಂದ ರಾಮನಗರದ ಕಾಲೇಜಿಗೆ ಹೋಗುವ ಆ ಸಣ್ಣ ಪ್ರಯಾಣದಲ್ಲಿ ನಾನು ಮನೆಗೆ ಬೆಂಕಿ ಹಚ್ಚಿ, ಆರಿಸಿ, ನೆರೆಯವರಿಂದ ಬೈಸಿಕೊಂಡು ಇಳಿಯುತ್ತಿದ್ದೆ. ಇಷ್ಟೊಂದು ಕಥೆ ಕಟ್ಟುವ ತಲೆಯನ್ನು ಯಾವುದಾದರೂ ಕೆಲಸಕ್ಕೆ ಹಚ್ಚೋಣ ಎಂದು, ನನ್ನ ವಯಸ್ಸಿನವರು ವಾಕಿಂಗ್ ಶುರು ಮಾಡುವ ಹೊತ್ತಿನಲ್ಲಿ, ನಾನು ವಿಷುವಲ್ ನಾವೆಲ್ ಮಾಡಲು ಕಲಿತೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಓದುವ ಕಥೆ. ಚಿತ್ರ ಇರುತ್ತದೆ, ಅದರ ಕೆಳಗೆ ಮಾತು ಬರುತ್ತದೆ. ಅಲ್ಲಲ್ಲಿ ಕಥೆ ನಿಂತು, ಈಗ ಏನು ಮಾಡೋಣ ಎಂದು ನಿಮ್ಮನ್ನೇ ಕೇಳುತ್ತದೆ. ನೀವು ಒತ್ತಿದ ಉತ್ತರದ ಪ್ರಕಾರ ಕಥೆ ಮುಂದೆ ಹೋಗುತ್ತದೆ.

ಕನ್ನಡದಲ್ಲಿ ಇಂಥದ್ದನ್ನು ಮನೆಯಲ್ಲೇ ಕೂತು ಮಾಡುವವರದ್ದು, ಆಡುವವರದ್ದು ಒಂದು ಆನ್‌ಲೈನ್ ಗುಂಪಿತ್ತು. ನಮ್ಮ ಆಟವನ್ನು ಅವರು ಆಡಿ ಅಭಿಪ್ರಾಯ ಹೇಳಬೇಕು, ಅವರದ್ದನ್ನು ನಾವು ಆಡಿ ಹೇಳಬೇಕು. ಮುಯ್ಯಿಗೆ ಮುಯ್ಯಿ. ಆದರೆ ಅಭಿಪ್ರಾಯ ಅನ್ನುವುದೂ ಮದುವೆ ಮನೆಯ ಮುಯ್ಯಿಯಂತೆಯೇ ಆಗಿಬಿಟ್ಟಿತ್ತು. ನೀವು 'ಸೂಪರ್' ಅಂದರೆ ನಾನೂ 'ಸೂಪರ್' ಅನ್ನುವುದು. ನಾನಂತೂ ಯಾರಿಗೆ ನೋವಾಗುತ್ತದೋ ಎಂದು 'ತುಂಬಾ ಸೂಪರ್' ಎಂದು ಬರೆಯುತ್ತಿದ್ದೆ.

ನನ್ನ ಮೊದಲ ಆಟ ರೈಲಿನ ಹೆಂಗಸರ ಡಬ್ಬಿಯ ಕಥೆ. ಅದಕ್ಕೂ ಸಾಲಾಗಿ ಸೂಪರ್‌ಗಳು ಬಂದವು. ಅವುಗಳ ನಡುವೆ, ಮರದ ಹಸಿರು ಗಿಣಿಯ ಚಿತ್ರ ಇಟ್ಟುಕೊಂಡಿದ್ದ ಯಾರೋ ಬರೆದಿದ್ದರು: "ಸೀಟು ಕೊಡಲ್ಲ ಅಂತ ಒತ್ತಿದೆ. ಆದ್ರೂ ಆ ಹೆಂಗಸು ಥ್ಯಾಂಕ್ಸ್ ಅಂದ್ಲು. ಯಾಕೆ?"

ಅಷ್ಟೇ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಯಾಕೆ ಎನ್ನುವ ಒಂದು ಪದ ನನ್ನ ನಿದ್ದೆ ಕೆಡಿಸಿತು. ಯಾಕೆಂದರೆ ಉತ್ತರ ನನಗೆ ಗೊತ್ತಿತ್ತು. ಆಡುವವರು ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂದು, ಏನು ಒತ್ತಿದರೂ ಎಲ್ಲರೂ ಖುಷಿಯಾಗುವ ಹಾಗೆ ಮಾಡಿಟ್ಟಿದ್ದೆ. ಚಪ್ಪಲಿ ಕಾಲಲ್ಲಿ ತುಳಿದರೂ ನನ್ನ ಆಟದ ಹೆಂಗಸರು ಮುಗುಳ್ನಗುತ್ತಿದ್ದರು.

ಈ ಗಿಣಿ ಯಾರು ಎಂಬ ಕುತೂಹಲ ಹತ್ತಿತು. ಅವರೂ ಒಂದು ಆಟ ಮಾಡುತ್ತಿದ್ದರು. ಅದರಲ್ಲಿ ಬರೆದ ಚಿತ್ರಗಳಿರಲಿಲ್ಲ. ನಮ್ಮೂರಿನ ಬಣ್ಣದ ಗೊಂಬೆಗಳನ್ನು ನಿಲ್ಲಿಸಿ ತೆಗೆದ ಫೋಟೋಗಳೇ ಪಾತ್ರಗಳು. ಒಂದು ಫೋಟೋದ ಮೂಲೆಯಲ್ಲಿ, ಕಪಾಟಿನ ಗಾಜಿನೊಳಗೆ, ಎದುರಿನ ಪೆಟ್ರೋಲ್ ಬಂಕಿನ ಬೋರ್ಡು ತಿರುಗುಮುರುಗಾಗಿ ಕಾಣುತ್ತಿತ್ತು. ಸ್ಟೇಷನ್ನಿಗೆ ಹೋಗುವಾಗ ನಾನು ದಿನಾ ನೋಡುವ ಬೋರ್ಡು! ರಾಜ್ಯದ ಯಾವುದೋ ಮೂಲೆಯಲ್ಲಿದ್ದಾರೆ ಅಂದುಕೊಂಡವರು ನನ್ನ ದಾರಿಯಲ್ಲೇ ಕೂತಿದ್ದರು.

ಭಾನುವಾರ ಹೋದೆ. ನೇರವಾಗಿ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಗಿಲಕಿ ಬೇಕು ಅಂದೆ. ಹೂವಿನ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡ ದಪ್ಪ ಕನ್ನಡಕದ ಹೆಂಗಸು, "ಮಗೀಗೆ ಎಷ್ಟು ತಿಂಗ್ಳು?" ಎಂದು ಕೇಳಿದರು. ಇಲ್ಲದ ಮಗುವಿಗೆ ವಯಸ್ಸು ಹುಡುಕುತ್ತಾ ನಾನು ತಡವರಿಸುವಾಗ, ಗಲ್ಲಾಪೆಟ್ಟಿಗೆಯ ಪಕ್ಕ ತೆರೆದಿದ್ದ ಲ್ಯಾಪ್‌ಟಾಪಿನಲ್ಲಿ ನನ್ನದೇ ರೈಲು ಕಾಣಿಸಿತು. ಬಾಯಿ ತಾನಾಗಿ ತೆರೆಯಿತು. "ಥ್ಯಾಂಕ್ಸ್ ತೆಗೆದುಬಿಟ್ಟಿದೀನಿ. ಈಗ ಅವಳು ಮುಖ ತಿರುಗಿಸಿಕೊಳ್ತಾಳೆ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅರೆ! ರೈಲು ಮೇಡಮ್ಮ ನೀವೇನಾ? ಹಂಗಾರೆ ಮಗು ಇಲ್ಲ ಅನ್ನಿ."

ಹಿಂದಿನ ಕೋಣೆಯಲ್ಲಿ ಲೇತ್ ಮೇಲೆ ಮರ ತಿರುಗಿಸುತ್ತಿದ್ದ ಅವರ ಯಜಮಾನರು ಕೂಗಿ ಕೇಳಿದರು: "ಏನಂತೆ? ಗಿರಾಕಿನಾ?"

"ಅಲ್ಲ, ನನ್ನಂಗೇ ಒಬ್ರು."

"ಇನ್ನೊಬ್ರಾ! ಅಲ್ಲಾಹ್, ಊರು ಉಳೀತದಾ?"

ಆ ಮೇಲೆ ಭಾನುವಾರಗಳು ಹಾಗೇ ಆದವು. ಹೊಸ ರಸ್ತೆ ಊರಾಚೆ ಹೋದ ಮೇಲೆ ಆ ಅಂಗಡಿಯ ಮುಂದೆ ಕಾರು ನಿಲ್ಲುವುದು ಕಡಿಮೆಯಾಗಿತ್ತು. ಗೊಂಬೆಗಳು ಖಾಲಿ ಕೂತಿದ್ದವಲ್ಲ ಎಂದು ಅವುಗಳಿಗೆ ಆಪಾ ಪಾರ್ಟು ಕೊಟ್ಟಿದ್ದರು. ಕಪಾಟಿನ ಮೇಲಿನ ಒಂದು ಗೊಂಬೆ ಸಂಸಾರದ ಕಥೆ. ಗಿರಾಕಿಗಳು ಬರುತ್ತಾರೆ. ಯಾರನ್ನು ಕೊಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂದು ಆಡುವವರೇ ತೀರ್ಮಾನಿಸಬೇಕು. ಗೊಂಬೆಯ ಮುಖದಲ್ಲಿ ಬರೆದ ನಗು ಅಳಿಯುವುದಿಲ್ಲ, ಹಾಗಾಗಿ ದುಃಖ ತೋರಿಸಲು ಅದನ್ನು ಕಿಟಕಿಯ ಬೆಳಕಿಗೆ ಒಂದಿಷ್ಟೇ ಓರೆ ಮಾಡುತ್ತಿದ್ದರು. ಅದೇ ನಗು, ನೆರಳು ಬಿದ್ದಾಗ ಬೇರೆಯೇ ಆಗುತ್ತಿತ್ತು. ಹೇಗೆ ಎಂದು ನಾನು ಎಷ್ಟೋ ಸಲ ಹಿಂದೆ ನಿಂತು ನೋಡಿದ್ದೇನೆ. ಇವತ್ತಿಗೂ ತಿಳಿದಿಲ್ಲ...

ಒಬ್ಬರ ಆಟ ಇನ್ನೊಬ್ಬರು ಆಡುವಾಗ, ಮಾಡಿದವರು ಬಾಯಿ ಬಿಡಬಾರದು. ಇದು ಆಪಾ ಮಾಡಿದ ಕಟ್ಟುಪಾಡು. ನನಗೆ ಅದು ಶಿಕ್ಷೆ. "ಅಲ್ಲಿ ಒಂಚೂರು ಕಾಯಿರಿ, ಮುಂದೆ ಚೆನ್ನಾಗಿದೆ" ಎನ್ನದೆ ಹೇಗಿರುವುದು? "ನೀವ್ ಬಾಯಿ ಬುಟ್ರೆ ಆಡ್ತಿರೋಳು ನಾನಲ್ಲ ಮೇಡಮ್ಮ, ನೀವೇ," ಎಂದು ಗದರಿಸಿ, ಗೊಂಬೆಗೆ ಹೊಳಪು ಕೊಡುವ ಒಣ ತಾಳೆಗರಿಯ ತುಂಡೊಂದನ್ನೂ ಒಂದು ಗೊಂಬೆಯನ್ನೂ ನನ್ನ ಕೈಗೆ ಕೊಟ್ಟರು. ಕೈಗೆ ಕೆಲಸ ಇದ್ದರೆ ಬಾಯಿ ಸುಮ್ಮನಿರುತ್ತದೆ ಎಂದು ಅವರ ಲೆಕ್ಕ. ಅವರ ಸರದಿ ಬಂದಾಗ ಅವರೂ ಹಾಗೇ ಉಜ್ಜುತ್ತಾ ಕೂರುತ್ತಿದ್ದರು. ಅವರ ಗೊಂಬೆ ಫಳಫಳ ಹೊಳೆಯುತ್ತಿತ್ತು.

ನನ್ನದು ಬೇರೆ ಕಥೆ. ಒಂದು ಭಾನುವಾರ ಅವರು ನನ್ನ ಹೊಸ ಆಟದ ಒಂದು ಕಡೆ ಬಹಳ ಹೊತ್ತು ನಿಂತುಬಿಟ್ಟರು. ಹಿಡಿಸಲಿಲ್ಲವೋ, ಅರ್ಥವಾಗಲಿಲ್ಲವೋ, ತಪ್ಪು ಅಕ್ಷರ ಸಿಕ್ಕಿತೋ ಎಂದು ಬೆವರುತ್ತಾ ನಾನು ಉಜ್ಜಿದ್ದೇ ಉಜ್ಜಿದ್ದು. ನೋಡುತ್ತೇನೆ, ಗೊಂಬೆಯ ಎರಡೂ ಹುಬ್ಬು ಮಾಯ! ಕುಂಚದಲ್ಲಿ ಮೇಲಿನಿಂದ ಎಳೆದ ಬಣ್ಣ, ನನ್ನ ಗಾಬರಿಯ ಮುಂದೆ ಎಷ್ಟು ಹೊತ್ತು ನಿಂತೀತು?

ಆಪಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಯಾವ ಬ್ಯೂಟಿ ಪಾರ್ಲರ್ ಮೇಡಮ್ಮ ನಿಮ್ದು?" ಎಂದರು. ಆಮೇಲೆ ಆ ಗೊಂಬೆಯನ್ನು ಕಿಟಕಿಯ ಹತ್ತಿರ ಒಯ್ದು, ಅತ್ತ ಇತ್ತ ತಿರುಗಿಸಿದರು. ಅವರ ನಗು ನಿಂತುಹೋಯಿತು. "ನೋಡಿ, ಇವ್ಳು ಸಿಟ್ಟಾಗವ್ಳೋ, ನಗ್ತಾವ್ಳೋ, ಏನೂ ಗೊತ್ತಾಗಾಕಿಲ್ಲ. ಇವ್ಳೇ ನಮ್ಮ ಅಜ್ಜಿ." ಅವರ ಕಥೆಯ ಕೊನೆಗೆ ಕಪಾಟಿನಲ್ಲಿ ಒಬ್ಬಳೇ ಉಳಿಯುವ ಅಜ್ಜಿಗೆ ಬಹಳ ದಿನದಿಂದ ಮುಖ ಹುಡುಕುತ್ತಿದ್ದರಂತೆ.

ಹೀಗಿರುವಾಗ ಕಟ್ಟಡದ ಮಾಲೀಕರು ಅಂಗಡಿ ಬಿಡಿ ಅಂದರು. ಒಡೆದು ಬೇರೆ ಏನೋ ಕಟ್ಟುವವರಿದ್ದರು. ಇದ್ದ ಗೊಂಬೆಗಳನ್ನೆಲ್ಲ ಒಟ್ಟಿಗೆ ಒಬ್ಬ ವ್ಯಾಪಾರಿಗೆ ಕೊಟ್ಟು, ಕನಕಪುರದಲ್ಲಿ ತಂಗಿಯ ಮನೆಯ ಪಕ್ಕ ಹೋಗಿ ಇರುವುದೆಂದು ಯಜಮಾನರು ಮಾತಾಡಿ ಮುಗಿಸಿದ್ದರು. ಆಪಾಗೆ ಇದ್ದ ಚಿಂತೆ ಒಂದೇ. ಗೊಂಬೆಗಳು ಹೋದ ಮೇಲೆ ಪಾತ್ರಗಳಿಲ್ಲ, ಆ ಕಿಟಕಿ ಹೋದ ಮೇಲೆ ಬೆಳಕಿಲ್ಲ. ಅಷ್ಟರೊಳಗೆ ಆಟ ಮುಗಿಯದಿದ್ದರೆ ಯಾವತ್ತೂ ಮುಗಿಯುವುದಿಲ್ಲ.

"ಕೊನೇವರ್ಗೂ ಆಡಿ ಹೇಳಿ. ಸೂಪರ್ ಅಂದ್ರೆ ಕದ ಹಾಕ್ಕತೀನಿ," ಅಂದರು.

ಆಡಿದೆ. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದು ಕೂತಿದ್ದವು. ಕೊನೆಯ ದೃಶ್ಯದಲ್ಲಿ ಅಜ್ಜಿಯನ್ನು ಕೇಳಿಕೊಂಡು ಗಿರಾಕಿ ಬರುತ್ತಾನೆ. 'ಕೊಡು', 'ಕೊಡಬೇಡ' ಎಂದು ಎರಡು ಉತ್ತರ. ಎರಡನ್ನೂ ಒತ್ತಿ ನೋಡಿದೆ. ಕೊಟ್ಟರೆ ಕಪಾಟು ಖಾಲಿ. ಕೊಡದಿದ್ದರೆ ಕಪಾಟಿನಲ್ಲಿ ಅಜ್ಜಿ ಒಬ್ಬಳೇ. ಚಿತ್ರಗಳು ಎಷ್ಟು ಚೆಂದ ಇದ್ದವೆಂದರೆ, ಚೆಂದ ಇದೆ ಎಂದು ಹೇಳಿ ಎದ್ದುಬಿಟ್ಟಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಎಲ್ಲೋ ಏನೋ ಚುಚ್ಚುತ್ತಿತ್ತು. ಇಷ್ಟು ಕಡಿಮೆ ದಿನ ಉಳಿದಿರುವಾಗ ಹೇಳಿ ಅವರ ಆಟ ನಿಲ್ಲಿಸಿಬಿಟ್ಟರೆ? ಹೇಳದೆ ಬಿಟ್ಟರೆ? ಬ್ಯಾಗಿನ ಜಿಪ್ಪನ್ನು ಎಳೆದೆಳೆದು ಕೊನೆಗೆ ಬಾಯಿ ಬಿಟ್ಟೆ.

"ಆಪಾ, ಕೊಟ್ರೂ ಅಜ್ಜಿ ಸುಮ್ಮನೆ ಇರ್ತಾಳೆ. ಇಟ್ಕೊಂಡ್ರೂ ಸುಮ್ಮನೆ ಇರ್ತಾಳೆ. ಅವಳಿಗೆ ಏನು ಬೇಕು ಅಂತ ಯಾರೂ ಕೇಳಲೇ ಇಲ್ವಲ್ಲ. ನೀವೂ ಕೇಳಿಲ್ಲ ಅನ್ಸುತ್ತೆ."

ಅವರ ಕೈಯ ತಾಳೆಗರಿ ನಿಂತಿತು. ಹಿಂದಿನ ಕೋಣೆಯಲ್ಲಿ ಲೇತ್ ಆಗಲೇ ಬಿಚ್ಚಿಟ್ಟಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: "ಕೇಳಾಕೆ ಭಯ ಮೇಡಮ್ಮ. ಕೇಳುದ್ಮೇಲೆ ಏನೋ ಒಂದು ಹೇಳ್ತಾಳಲ್ಲ..."

ಆ ವಾರ ಆಫೀಸಿನಿಂದ ಬರುವಾಗ ದಿನಾ ಅಂಗಡಿಯತ್ತ ಇಣುಕುತ್ತಿದ್ದೆ. ಕಪಾಟುಗಳು ಬರಿದಾಗುತ್ತಿದ್ದವು, ಆಪಾ ಕಿಟಕಿಯ ಬಳಿ ಮೊಬೈಲು ಹಿಡಿದು ಬಗ್ಗಿರುತ್ತಿದ್ದರು. ಒಳಗೆ ಹೋಗಲಿಲ್ಲ. ನಾನು ಹೋದರೆ ಏನಾದರೂ ಹೇಳಿಯೇ ಹೇಳುತ್ತಿದ್ದೆ. ವ್ಯಾಪಾರಿಯ ವ್ಯಾನು ಬಂದ ದಿನವೇ ಆಟ ಗುಂಪಿನಲ್ಲಿ ಬಂತು. ರೈಲಿನಲ್ಲೇ ಆಡಿದೆ. ಕೊನೆಯಲ್ಲಿ ಅವೇ ಎರಡು ಉತ್ತರ. 'ಕೊಡಬೇಡ' ಒತ್ತಿದೆ. ಅಜ್ಜಿ ಮೊದಲಿನ ಹಾಗೇ, ಸುಮ್ಮನೆ. ಇನ್ನೊಂದನ್ನೂ ಒತ್ತಿದೆ. ಏನೂ ಬದಲಾಗಿರಲಿಲ್ಲ. ನಿಜ ಹೇಳಬೇಕೆಂದರೆ ಬೇಜಾರಾಯಿತು. ಜೀವ ಕೈಯಲ್ಲಿ ಹಿಡಿದು ಹೇಳಿದ ಮಾತು ಅವರಿಗೆ ಬೇಕಾಗಲಿಲ್ಲವಲ್ಲ ಎಂದು. 'ಕೊನೆಯನ್ನು ಹಾಗೇ ಬಿಟ್ಟಿರಾ?' ಎಂದು ಮೆಸೇಜು ಹಾಕಿದೆ.

'ನೀವು ಬೇಗ ಒತ್ತುಬುಟ್ರಿ' ಎಂದು ಉತ್ತರ ಬಂತು.

ನನ್ನ ಆತುರದ ಮೇಲೆ ಅವರು ಯಾವಾಗಲೂ ಮಾಡುವ ತಮಾಷೆ ಎಂದುಕೊಂಡು ಬಿಟ್ಟೆ. ಅವರು ಬಿಡಿಸಿ ಹೇಳಲಿಲ್ಲ. ಮಾಡಿದವರು ಹೇಳಬಾರದಲ್ಲ. ಕನಕಪುರಕ್ಕೆ ಹೋದ ಮೇಲೂ ನನ್ನ ಆಟಗಳಿಗೆ ಅವರ 'ಯಾಕೆ'ಗಳು ಬರುತ್ತಿದ್ದವು, ಆಮೇಲೆ ಅಪರೂಪವಾದವು. ಕಣ್ಣಿಗೆ ಏನೋ ತೊಂದರೆಯಿರಬೇಕು, ತಂಗಿಯ ಮನೆಯ ಮಕ್ಕಳ ಗಲಾಟೆ ಇರಬೇಕು ಎಂದು ನಾನೇ ಕಾರಣ ಕೊಟ್ಟುಕೊಂಡೆ. ಇಡೀ ಜೀವನ ಬೇಡದ್ದಕ್ಕೆಲ್ಲ ಹೆದರಿದವಳು, ಹೆದರಬೇಕಾದ ಒಂದೇ ಸಲ ನೆಮ್ಮದಿಯಾಗಿದ್ದೆ. ಅವರು ತೀರಿಕೊಂಡದ್ದನ್ನು ಯಜಮಾನರು ಫೋನ್ ಮಾಡಿ ಹೇಳಿದಾಗ ಮಣ್ಣು ಮಾಡಿ ದಿನಗಳು ಕಳೆದಿದ್ದವು. "ರೈಲು ಮೇಡಮ್ಮಂಗೆ ಹೇಳಿ ಅಂದಿದ್ಳು. ನಿಮ್ಮ ಹೆಸ್ರೇ ಗೊತ್ತಿರ್ಲಿಲ್ಲಮ್ಮ ನಂಗೆ, ಹುಡುಕೋದು ತಡವಾಯ್ತು," ಅಂದರು.

ಕಳೆದ ವಾರ ಅರಗಿನ ಮುದ್ರೆ ಹಾಕಿ ಮುಗಿಸಿದ ಆ ಸಂಜೆ, ಬಹಳ ದಿನಗಳ ಮೇಲೆ ಗುಂಪನ್ನು ತೆರೆದು ಅವರ ಆಟದ ಕೆಳಗಿನ ಅಭಿಪ್ರಾಯಗಳನ್ನು ಓದಿದೆ. ಮಾಗಡಿಯ ಕಡೆಯವರಂತೆ, ಯಾರೋ ಹೊಸಬರು ಬರೆದಿದ್ದರು: 'ಕೊನೇ ದೃಶ್ಯದಲ್ಲಿರುವಾಗ ಒಲೆ ಮೇಲೆ ಹಾಲು ಉಕ್ಕಿತು, ಎದ್ದು ಹೋದೆ. ವಾಪಸ್ ಬಂದರೆ ಅಜ್ಜಿ ಮಾತಾಡಿದ್ದಳು. ಬೇರೆ ಯಾರಿಗಾದರೂ ಹೀಗಾಗಿದೆಯಾ?'

ಆಟ ಹಾಕಿ ಕೊನೆಯವರೆಗೂ ಹೋದೆ. 'ಕೊಡು', 'ಕೊಡಬೇಡ' ಬಂದವು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೆಟ್ಟುನಿಂತಿದೆಯೇನೋ ಅನ್ನಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಎರಡು ಉತ್ತರಗಳೂ ಮೆಲ್ಲಗೆ ಮಾಸಿದವು. ಚಿತ್ರ ಬದಲಾಯಿತು. ಅಜ್ಜಿ ಕಿಟಕಿಯ ಕಡೆ ಓರೆಯಾಗಿ ನಿಂತಿದ್ದಳು. ಹೊರಗೆ ಹಳೇ ಹೆದ್ದಾರಿ, ಬಿಸಿಲು, ಎಲ್ಲಿಗೋ ಹೊರಟ ಒಂದು ಆಟೋ. ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡಿದವು.

'ಗಿರಾಕಿ ಕಾಯ್ಲಿ ಬುಡಿ. ಒಸಿ ಹೊತ್ತು ಬೀದಿ ನೋಡ್ತೀನಿ.'

ಅಷ್ಟೇ. ಅಜ್ಜಿಗೆ ಹೋಗುವುದೂ ಬೇಕಿರಲಿಲ್ಲ, ಇರುವುದೂ ಬೇಕಿರಲಿಲ್ಲ. ನಾನು ಹೇಳಿದ್ದಕ್ಕೆ ಆಪಾ ಅಜ್ಜಿಯನ್ನು ಕೇಳಿದ್ದರು, ಏನೂ ಒತ್ತದೆ ಕಾಯುವವರಿಗೆ ಉತ್ತರವನ್ನೂ ಇಟ್ಟಿದ್ದರು. ಈಗ ಆ ಕಿಟಕಿ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಇದೆ, ನಾನು ದಿನಾ ಅದರ ನೆರಳಿನಲ್ಲೇ ಸ್ಟೇಷನ್ನಿಗೆ ಹೋಗುತ್ತೇನೆ.

ಅಭಿಪ್ರಾಯ ಬರೆಯುವ ಜಾಗ ಖಾಲಿ ಇತ್ತು. ಬರೆದೆ: 'ಆಪಾ, ಅಜ್ಜಿ ಮಾತಾಡಿದಳು. ಆದರೆ ಕಾಯುವ ಹೊತ್ತು ಬಹಳ ಜಾಸ್ತಿಯಾಯಿತು. ನನ್ನಂಥ ಗಾಬರಿಯವರಿಗೆ ಅಷ್ಟು ಹೊತ್ತು ಆಗುವುದಿಲ್ಲ. ಒಂದಿಷ್ಟು ಕಡಿಮೆ ಮಾಡಿ.' ಓದಿ ನೋಡಿದೆ. ಕಡಿಮೆ ಮಾಡುವವರು ಯಾರು? ಇನ್ನು ಆ ಆಟದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ... ಅಳಿಸೋಣ ಅಂದುಕೊಂಡೆ. ಅಳಿಸದೆ, ಕಳಿಸಿದೆ.