ನನ್ನದರಲ್ಲಿ ಬರುತ್ತಿದೆ

ನಮ್ಮ ಕಚೇರಿಯ ಕಂಪ್ಯೂಟರುಗಳು ನೇರವಾಗಿ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ನಡುವೆ ಪ್ರಾಕ್ಸಿ ಎಂಬ ತಂತ್ರಾಂಶವಿದೆ. ಎಲ್ಲರ ಕೋರಿಕೆಯನ್ನೂ ಅದೇ ಹೊರಗೆ ಒಯ್ದು ಉತ್ತರ ತರಬೇಕು. ಅದನ್ನು ನೋಡಿಕೊಳ್ಳುವವನು ನಾನು. ಊರಿಗೆ ಫೋನ್ ಮಾಡಿ ಇದನ್ನು ವಿವರಿಸಿದಾಗ ಅಪ್ಪ ಸ್ವಲ್ಪ ಯೋಚಿಸಿ, "ಅಂದ್ರೆ ದಲ್ಲಾಳೀನ ಕಾಯೋ ಕೆಲಸ. ಇದಕ್ಕೆ ಡಿಗ್ರಿ ಬೇಕಾಯ್ತೇನೋ?" ಎಂದರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಬೇಕಾಯಿತು ಎಂದು ಗಂಭೀರವಾಗಿಯೇ ಉತ್ತರಿಸಿದೆ.

ಯಾರು ದೂರು ತಂದರೂ ಮೊದಲು ನನ್ನ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ನೋಡುತ್ತಿದ್ದೆ. ತೆರೆದರೆ, "ನನ್ನದರಲ್ಲಿ ಬರ್ತಿದೆ. ತೊಂದರೆ ನಿಮ್ಮದರಲ್ಲೇ" ಎನ್ನುತ್ತಿದ್ದೆ. ಅದನ್ನು ದೊಡ್ಡ ಡಾಕ್ಟರ ಗತ್ತಿನಲ್ಲಿ ಹೇಳುತ್ತೇನೆಂದು ಟೈಪಿಸ್ಟ್ ಅಕ್ಕ ಎಲ್ಲರೆದುರು ಅಣಕಿಸುತ್ತಿದ್ದರು.

ಆ ದಿನ ಓಡಿಬಂದವರು ಅದೇ ಅಕ್ಕ. ವರ್ಗಾವಣೆಗೆ ಊರು ಆರಿಸಲು ಸಂಜೆ ಐದರವರೆಗೆ ಮಾತ್ರ ಅವಕಾಶ. ಅವರ ಪುಟ್ಟ ಮಗಳು ದೂರದೂರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ಈ ಸಲ ತಪ್ಪಿದರೆ ಇನ್ನೊಂದು ವರ್ಷ ಹಾಗೆಯೇ. ಊರು ಆರಿಸುವ ಪುಟವೋ ಕಚೇರಿಯೊಳಗಿನ ಕಂಪ್ಯೂಟರುಗಳಲ್ಲಿ ಮಾತ್ರ ತೆರೆಯುವಂಥದ್ದು.

"ತಮ್ಮಾ, ಬರೀ ಚಕ್ರ ಸುತ್ತುತ್ತಾ ಇದೆ, ಪುಟ ಬರ್ತಿಲ್ಲ!"

ನೋಡಿದೆ. "ನನ್ನದರಲ್ಲಿ ಬರ್ತಿದೆಯಲ್ಲಕ್ಕಾ."

ಅವರ ಮೇಜಿನಡಿ ತೆವಳಿ ಕೇಬಲ್ ಬದಲಿಸಿದೆ. ಪ್ರಾಕ್ಸಿಯ ವಿಳಾಸ ಅಳಿಸಿ, ಒಂದೊಂದೇ ಅಂಕಿ ಓದಿಕೊಂಡು ಮತ್ತೆ ಬರೆದೆ. ಪಾಸ್‌ವರ್ಡ್ ಬದಲಿಸಿದೆ. ತಲೆಯ ಮೇಲೆ ಜೇಡರ ಬಲೆ ಹೊತ್ತು ಎದ್ದುನಿಂತಾಗ ಅಕ್ಕಪಕ್ಕದವರೂ "ನಮ್ದೂ ನಿಂತಿದೆ" ಎನ್ನತೊಡಗಿದ್ದರು. ಎಲ್ಲರ ಕಂಪ್ಯೂಟರುಗಳೂ ಒಟ್ಟಿಗೇ ಕೆಟ್ಟಿವೆ ಎಂದು ನಂಬಲು ಸಿದ್ಧನಿದ್ದೆ. ನನ್ನ ಪ್ರಾಕ್ಸಿಯ ಮೇಲೆ ಅನುಮಾನಪಡಲು ಮಾತ್ರ ಮನಸ್ಸು ಬರಲಿಲ್ಲ.

ಅಕ್ಕನ ಕಣ್ಣು ಗಡಿಯಾರದ ಮೇಲಿತ್ತು. "ನಿನ್ನದರಲ್ಲಿ ಬರ್ತಿದೆ ತಾನೇ? ನಡಿ, ಅಲ್ಲೇ ಮಾಡ್ತೀನಿ."

"ಬೇರೆಯವರು ಅಲ್ಲಿ ಕೂರಬಾರದು ಅಂತ ನಿಯಮ ಇದೆ ಅಕ್ಕಾ..."

"ಯಾರು ಮಾಡಿದ್ದು?"

"ನಾನೇ."

ನಾನು ಹಿಂದೆಯೇ ಓಡುವಷ್ಟರಲ್ಲಿ ಅಕ್ಕ ನನ್ನ ಕುರ್ಚಿಯಲ್ಲಿದ್ದರು. ಮಗಳಿರುವ ಊರನ್ನು ಆರಿಸಿ ಒತ್ತಿದರು. 'ಸ್ವೀಕರಿಸಲಾಗಿದೆ' ಎಂದು ಬಂತು. ಅಕ್ಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಇದೊಂದರಲ್ಲೇ ಯಾಕೆ ಬರುತ್ತಿದೆ ಎಂದು ಆಗ ಮೊದಲ ಬಾರಿಗೆ ಯೋಚಿಸಿದೆ. ಸೆಟ್ಟಿಂಗ್ ತೆರೆದೆ. ಹಿಂದೆಂದೋ ಏನನ್ನೋ ಪರೀಕ್ಷಿಸಲು ನನ್ನ ಕಂಪ್ಯೂಟರನ್ನು ಪ್ರಾಕ್ಸಿ ಬಿಟ್ಟು ನೇರವಾಗಿ ಹೋಗುವಂತೆ ಮಾಡಿ, ಹಾಗೇ ಮರೆತಿದ್ದೆ. ಇಡೀ ಕಚೇರಿಯಲ್ಲಿ ಪ್ರಾಕ್ಸಿಯ ದಾರಿ ತುಳಿಯದವನು ಆ ದಾರಿ ಕಾಯುವ ನಾನೊಬ್ಬನೇ! ಪ್ರಾಕ್ಸಿಯೋ, ಯಾರು ಯಾವಾಗ ಯಾವ ಪುಟ ತೆರೆದರೆಂಬ ಹಳೆಯ ದಾಖಲೆಗಳಿಂದ ಡಿಸ್ಕ್ ತುಂಬಿ ಉಸಿರುಗಟ್ಟಿ ನಿಂತಿತ್ತು. ಯಾವುದನ್ನೂ ಅಳಿಸಬಾರದೆಂಬ ಶಿಸ್ತು ಕೂಡ ನನ್ನದೇ. ಅಳಿಸಿ ಮತ್ತೆ ಚಾಲೂ ಮಾಡಿದೆ.

ನಡೆದದ್ದನ್ನು ಹೇಳಿದಾಗ ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಸದ್ಯ, ನಿನ್ನ ಮರೆವು ನನ್ನ ಕಾಪಾಡ್ತು ಮಾರಾಯ."

ವರ್ಗಾವಣೆಯ ಆದೇಶ ಬಂದ ದಿನ ಮಗಳಿಗೆ ವಿಡಿಯೊ ಕರೆ ಮಾಡಿ ಫೋನನ್ನು ನನ್ನತ್ತ ತಿರುಗಿಸಿದರು. "ಅಮ್ಮನ್ನ ನಿನ್ನ ಹತ್ರ ಕಳಿಸ್ತಿರೋ ಮಾಮ ಇವನೇ ಕಣೇ. ಹೇಗೆ ಕಳಿಸಿದ ಅಂತ ಮಾತ್ರ ಕೇಳ್ಬೇಡ."